ತುರ್ತು ಬಂದಾಗ ಕಾರ್ಡು ಹುಡುಕಬೇಡಿ

ಪುಣೆ–ಬೆಂಗಳೂರು ಹೆದ್ದಾರಿ ಹಾವೇರಿ ಜಿಲ್ಲೆಯ ಬೆನ್ನೆಲುಬು. ಹಾವೇರಿ, ಮೋಟೆಬೆನ್ನೂರು, ರಾಣೆಬೆನ್ನೂರು ಇದೇ ದಾರಿಯಲ್ಲಿವೆ. ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ತರುವ ಲಾರಿಗಳು, ಗೋವಿನಜೋಳ ಹೇರಿದ ಟ್ರ್ಯಾಕ್ಟರುಗಳು, ಕಾಲೇಜಿಗೆ ಹೊರಟ ಮಕ್ಕಳ ಬೈಕುಗಳು ಎಲ್ಲವೂ ಇದೇ ರಸ್ತೆಯನ್ನು ನಂಬಿವೆ. 2024ರ ಜೂನ್ 28ರ ನಸುಕಿನಲ್ಲಿ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸ್ ಬಳಿ ನಿಂತಿದ್ದ ಲಾರಿಗೆ ಟೆಂಪೊ ಟ್ರಾವೆಲರ್ ಬಡಿದು 13 ಜನ ಸತ್ತರು. ದೇವರ ದರ್ಶನ ಮುಗಿಸಿ ಭದ್ರಾವತಿ ತಾಲ್ಲೂಕಿನ ತಮ್ಮ ಊರಿಗೆ ಮರಳುತ್ತಿದ್ದವರು ಅವರು.

ಇಂಥ ಸುದ್ದಿ ಓದಿ ಮರುಗುತ್ತೇವೆ, ಮರುದಿನ ಮರೆಯುತ್ತೇವೆ. ಆದರೆ ಯಾವುದೇ ಅಪಘಾತದಲ್ಲಿ ಗಾಯಗೊಂಡು ಉಳಿದವರ ಹೋರಾಟ ಆಗಷ್ಟೇ ಆರಂಭವಾಗಿರುತ್ತದೆ. ಅವರ ಪಾಲಿಗೆ ಎರಡು ಸಂಗತಿಗಳು ಮುಖ್ಯ: ಮೊದಲ ಗಂಟೆಯಲ್ಲಿ ಸಿಗುವ ವೈದ್ಯರು ಮತ್ತು ಮುಂದಿನ ದಿನಗಳ ಖರ್ಚು ಹೊರುವ ವಿಮೆ. ವೈದ್ಯರನ್ನು ಒದಗಿಸುವುದು ಸರ್ಕಾರದ ಹೊಣೆ. ವಿಮೆಗೆ ಹೆಸರು ನೋಂದಾಯಿಸುವುದು ನಮ್ಮ ಹೊಣೆ.

ಮೊದಲ ಗಂಟೆಯ ವೈದ್ಯರು

ವಯಸ್ಕರ ದೇಹದಲ್ಲಿ ಸುಮಾರು 5 ಲೀಟರ್ ರಕ್ತವಿದೆ. ಅದರಲ್ಲಿ 2 ಲೀಟರ್ ಸೋರಿಹೋದರೆ ಪ್ರಾಣಕ್ಕೇ ಸಂಚಕಾರ. ಮಿದುಳಿಗೆ ನಾಲ್ಕೈದು ನಿಮಿಷ ಆಮ್ಲಜನಕ ತಪ್ಪಿದರೆ ಅದರ ಜೀವಕೋಶಗಳು ಸಾಯತೊಡಗುತ್ತವೆ. ಆದ್ದರಿಂದಲೇ ತುರ್ತು ಚಿಕಿತ್ಸೆಯ ವೈದ್ಯರು ಮೊದಲು ರೋಗದ ಹೆಸರು ಹುಡುಕುವುದಿಲ್ಲ. ಶ್ವಾಸನಾಳ ತೆರೆದಿದೆಯೇ, ಉಸಿರಾಡುತ್ತಿದ್ದಾರೆಯೇ, ರಕ್ತಸಂಚಾರ ಸರಿಯಿದೆಯೇ ಎಂಬ ಮೂರನ್ನು ಇದೇ ಕ್ರಮದಲ್ಲಿ ನೋಡುತ್ತಾರೆ. ಮೂಳೆ ಮುರಿತ ಎಷ್ಟು ನೋಯುತ್ತಿದ್ದರೂ ಅದರ ಸರದಿ ಬರುವುದು ಆಮೇಲೆ.

ಒಮ್ಮೆಗೇ ಹತ್ತು ಜನ ಗಾಯಾಳುಗಳು ಬಂದರೆ? ಈ ಪ್ರಶ್ನೆಗೆ ದಾರಿ ತೋರಿದವನು ನೆಪೋಲಿಯನ್ನನ ಸೇನೆಯ ಶಸ್ತ್ರವೈದ್ಯ ಡೊಮಿನಿಕ್ ಲಾರೆ. ಅಧಿಕಾರಿಯೋ ಸಿಪಾಯಿಯೋ ಎಂದು ನೋಡದೆ ಗಾಯದ ತೀವ್ರತೆಯಂತೆ ಸರದಿ ನಿಗದಿ ಮಾಡಬೇಕೆಂಬುದು ಅವನ ನಿಯಮ. ಇಂದಿನ ಆಸ್ಪತ್ರೆಗಳಲ್ಲಿ ಕೆಂಪು, ಹಳದಿ, ಹಸಿರು ಪಟ್ಟಿಗಳು ಆ ಕೆಲಸ ಮಾಡುತ್ತವೆ. ತಡವಾಗಿ ಬಂದವರನ್ನು ಮೊದಲು ಒಳಗೆ ಕರೆದೊಯ್ದರೆಂದು ಸಿಟ್ಟಾಗುವ ಮುನ್ನ ಇದನ್ನು ನೆನೆಯಬೇಕು. ನಮ್ಮ ದೇಶದಲ್ಲಿ ತುರ್ತು ವೈದ್ಯಶಾಸ್ತ್ರಕ್ಕೆ ಪ್ರತ್ಯೇಕ ಸ್ನಾತಕೋತ್ತರ ವಿಷಯವೆಂಬ ಮಾನ್ಯತೆ ಸಿಕ್ಕಿದ್ದು 2009ರಲ್ಲಿ. ವೈದ್ಯರಾಗುವ ಕನಸಿರುವ ವಿದ್ಯಾರ್ಥಿಗಳು ಇದನ್ನೂ ಗಮನಿಸಲಿ.

ಪ್ರಾಣಾಪಾಯದಲ್ಲಿರುವವರಿಗೆ ಚಿಕಿತ್ಸೆ ನೀಡುವುದು ಪ್ರತಿ ವೈದ್ಯರ ಕರ್ತವ್ಯ, ಪೊಲೀಸ್ ಕಾಗದಪತ್ರಗಳಿಗೆ ಕಾಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ತೀರ್ಪು ಕೊಟ್ಟಿದೆ. 2008ರ ನವೆಂಬರ್‌ನಲ್ಲಿ ರಾಜ್ಯದಲ್ಲಿ 108 ಆಂಬುಲೆನ್ಸ್ ಸೇವೆಯೂ ಆರಂಭವಾಯಿತು.

ಎರಡನೇ ದಿನದ ಪ್ರಶ್ನೆ

ಮೊದಲ ಗಂಟೆ ದಾಟಿತು ಎನ್ನೋಣ. ತಲೆಗೆ ಪೆಟ್ಟಾದವರನ್ನು ಹುಬ್ಬಳ್ಳಿಗೋ ದಾವಣಗೆರೆಗೋ ಒಯ್ಯಬೇಕು. ಶಸ್ತ್ರಕ್ರಿಯೆ, ವೆಂಟಿಲೇಟರ್, ತೀವ್ರ ನಿಗಾ ಘಟಕ ಎಂದು ಖರ್ಚು ಏರುತ್ತದೆ. ಹೊಲ ಅಡವಿಡುವ ಮಾತು ಬರುವುದು ಈ ಹಂತದಲ್ಲೇ.

ಸಾಮೂಹಿಕ ವಿಮೆಯ ಲೆಕ್ಕ ಸುಲಭ. ಸಾವಿರ ಕುಟುಂಬಗಳು ತಲಾ 500 ರೂಪಾಯಿ ಹಾಕಿದರೆ 5 ಲಕ್ಷವಾಗುತ್ತದೆ. ಕಷ್ಟಕ್ಕೆ ಸಿಕ್ಕ ಒಂದು ಕುಟುಂಬಕ್ಕೆ ಅದು ಸಾಕು. ಈ ತತ್ವದ ಮೇಲೆ 2003ರಲ್ಲಿ ಸಹಕಾರ ಸಂಘಗಳ ಸದಸ್ಯ ರೈತರಿಗಾಗಿ ಯಶಸ್ವಿನಿ ಯೋಜನೆ ಜಾರಿಗೆ ಬಂತು. ಆಗ ವರ್ಷಕ್ಕೆ ತಲಾ 60 ರೂಪಾಯಿ ವಂತಿಗೆ. 2018ರಲ್ಲಿ ನಿಂತ ಯೋಜನೆಗೆ 2022ರಲ್ಲಿ ಮತ್ತೆ ನೋಂದಣಿ ಆರಂಭವಾದಾಗ ಗ್ರಾಮೀಣ ಭಾಗದ ನಾಲ್ವರ ಕುಟುಂಬಕ್ಕೆ ವಂತಿಗೆ 500 ರೂಪಾಯಿ, ಚಿಕಿತ್ಸೆಯ ಮಿತಿ ವರ್ಷಕ್ಕೆ 5 ಲಕ್ಷ. ಇದರ ನೋಂದಣಿಗೆ ಕಡೆಯ ದಿನಾಂಕವಿರುತ್ತದೆ. ಅದು ತಪ್ಪಿದರೆ ಮುಂದಿನ ಅವಧಿಗೆ ಕಾಯಬೇಕು.

ವಂತಿಗೆಯೇ ಇಲ್ಲದ ಇನ್ನೊಂದು ಯೋಜನೆ, 2018ರಲ್ಲಿ ಒಂದಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಎಪಿಎಲ್ ಕುಟುಂಬಕ್ಕೆ ನಿಗದಿತ ವೆಚ್ಚದ ಶೇಕಡ 30ರಷ್ಟು ನೆರವು, ಮಿತಿ 1.5 ಲಕ್ಷ. ಪಟ್ಟಿಯಲ್ಲಿದ್ದ 1,650 ಬಗೆಯ ಚಿಕಿತ್ಸೆಗಳಲ್ಲಿ ಸುಮಾರು 170 ತುರ್ತಿನವು. ಉಳಿದವುಗಳಿಗೆ ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ತುರ್ತಿನಲ್ಲಿ ಅದು ಬೇಡ, ಯೋಜನೆಗೆ ಸೇರಿದ ಆಸ್ಪತ್ರೆಗೆ ನೇರವಾಗಿ ಹೋಗಬಹುದು. ‘ಯೋಜನೆಗೆ ಸೇರಿದ’ ಎಂಬ ಮಾತು ಮುಖ್ಯ. ಸೇರದ ಆಸ್ಪತ್ರೆಯ ಬಾಗಿಲಲ್ಲಿ ಕಾರ್ಡಿಗೆ ಬೆಲೆಯಿಲ್ಲ.

ರಸ್ತೆ ಅಪಘಾತಕ್ಕೆ ಇನ್ನೊಂದು ಆಸರೆಯಿದೆ. ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ 7 ದಿನಗಳವರೆಗೆ 1.5 ಲಕ್ಷ ರೂಪಾಯಿ ಮಿತಿಯ ನಗದುರಹಿತ ಚಿಕಿತ್ಸೆಯ ಯೋಜನೆಯನ್ನು ಕೇಂದ್ರ ಸರ್ಕಾರ 2025ರ ಮೇ ತಿಂಗಳಲ್ಲಿ ಪ್ರಕಟಿಸಿತು. ಇದಕ್ಕೆ ಬಡವ–ಬಲ್ಲಿದ ಎಂಬ ಭೇದವಿಲ್ಲ.

ಈ ಭಾನುವಾರದ ಮನೆಗೆಲಸ

ನಾವು ಶಿಕ್ಷಕರು ದಾಖಲಾತಿ ಸಮಯದಲ್ಲಿ ಕಾಣುವ ತೊಡಕೊಂದಿದೆ. ಆಧಾರ್‌ನಲ್ಲಿ ‘ಬಸವರಾಜ’, ಪಡಿತರ ಚೀಟಿಯಲ್ಲಿ ‘ಬಸಪ್ಪ’. ಮದುವೆಯಾಗಿ ಬಂದ ಸೊಸೆಯ ಹೆಸರು ಇನ್ನೂ ತವರಿನ ಚೀಟಿಯಲ್ಲಿ. ಮೊಮ್ಮಗುವಿನ ಹೆಸರು ಎಲ್ಲೂ ಇಲ್ಲ. ಹಗಲು ಹೊತ್ತಿನಲ್ಲಿ ಇದನ್ನು ತಿದ್ದಿಸಬಹುದು. ನಡುರಾತ್ರಿ ಆಸ್ಪತ್ರೆಯಲ್ಲಿ ಇದೇ ದೊಡ್ಡ ಅಡ್ಡಿ.

ಆದ್ದರಿಂದ ವಿದ್ಯಾರ್ಥಿಗಳೇ, ಮನೆಯ ಎಲ್ಲರ ಆಧಾರ್ ಮತ್ತು ಪಡಿತರ ಚೀಟಿ ಮುಂದಿಟ್ಟುಕೊಂಡು ಹೆಸರುಗಳನ್ನು ತಾಳೆ ನೋಡಿ. ಕಾರ್ಡು ಇಲ್ಲದಿದ್ದರೆ ಅಪ್ಪನನ್ನೋ ಅಜ್ಜನನ್ನೋ ಗ್ರಾಮ ಒನ್ ಕೇಂದ್ರಕ್ಕೆ ಕರೆದೊಯ್ಯಿರಿ. ನಿಮ್ಮ ಊರಿನ ಸಹಕಾರ ಸಂಘದಲ್ಲಿ ಯಶಸ್ವಿನಿಯ ದಿನಾಂಕ ಕೇಳಿಕೊಳ್ಳಿ. ಹತ್ತಿರದ ಯಾವ ಆಸ್ಪತ್ರೆಗಳು ಯೋಜನೆಗೆ ಸೇರಿವೆ ಎಂದು 14555ಕ್ಕೆ ಕರೆ ಮಾಡಿ ವಿಚಾರಿಸಿ. ಆ ಹೆಸರುಗಳು, ಮನೆಯವರ ರಕ್ತದ ಗುಂಪು, ಅವರು ದಿನವೂ ನುಂಗುವ ಗುಳಿಗೆಗಳ ಹೆಸರು ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದು ಕಾರ್ಡುಗಳ ಜೊತೆ ಒಂದೇ ಚೀಲದಲ್ಲಿಡಿ.

ಪಾಲಕರೇ, ಮಕ್ಕಳು ಕೇಳಿದಾಗ ‘ಆಮೇಲೆ ನೋಡೋಣ’ ಎನ್ನಬೇಡಿ. ಆ ಚೀಲ ಎಲ್ಲಿದೆ ಎಂಬುದು ಮನೆಯ ಚಿಕ್ಕ ಮಗುವಿಗೂ ಗೊತ್ತಿರಲಿ.