ತಕ್ಕಡಿಯ ಮುಳ್ಳೂ ದಿಟದ ತೂಕವೂ

ಬರಿದಾದ ತಕ್ಕಡಿಯ ಮುಳ್ಳು ನೆಟ್ಟಗೆ ನಿಂತಿತೆಂದರೆ ತೂಕವೂ ನೆಟ್ಟಗಿರುವುದೆಂದು ಕೊಳ್ಳುವವರು ನಂಬುವುದುಂಟು. ಈ ನಂಬಿಕೆಗೆ ಪೂರ್ಣ ಆಧಾರವಿಲ್ಲ.

ತಕ್ಕಡಿಯು ಸನ್ನೆಯ ಒಂದು ಪ್ರಭೇದ. ಭಾರವನ್ನು ತೋಳಿನ ಉದ್ದದಿಂದ ಗುಣಿಸಿದಾಗ ಬರುವ ಲಬ್ಧವು ಎರಡು ಕಡೆಯೂ ಸಮನಾದರೆ ದಂಡವು ಸಮತಲದಲ್ಲಿ ನಿಲ್ಲುತ್ತದೆ. ಆದುದರಿಂದ ತೋಳುಗಳು ಸಮವಾಗಿರುವುದು ಅವಶ್ಯ. ಒಂದು ತೋಳು 20, ಇನ್ನೊಂದು 21 ಸೆಂಟಿಮೀಟರ್ ಇದ್ದರೂ, ತಟ್ಟೆಗಳ ಭಾರವನ್ನು ಹೊಂದಿಸಿದಲ್ಲಿ ಬರಿಯ ತಕ್ಕಡಿ ಸಮವಾಗಿಯೇ ತೋರುವುದು. ಆದರೆ ಕಿರಿದಾದ ತೋಳಿನ ತಟ್ಟೆಯಲ್ಲಿ 1 ಕಿಲೋಗ್ರಾಂ ಬಟ್ಟನ್ನಿರಿಸಿ, ಉದ್ದನೆಯ ತೋಳಿನ ತಟ್ಟೆಗೆ ಅಕ್ಕಿಯನ್ನು ಸುರಿದರೆ, ಸುಮಾರು 952 ಗ್ರಾಂ ಅಕ್ಕಿಗೇ ಮುಳ್ಳು ನೆಟ್ಟಗಾಗುವುದು. ಕೊಂಡವನಿಗೆ 48 ಗ್ರಾಂ ನಷ್ಟ.

ತಟ್ಟೆ ಬದಲಿಸಿ ಇನ್ನೊಮ್ಮೆ ತೂಗಿದರೆ ಅನ್ಯಾಯ ಸರಿಹೋಗುವುದೆ? ಆಗ 1050 ಗ್ರಾಂ ಬರುವುದು. ಎರಡೂ ಸೇರಿ ಸುಮಾರು 2002 ಗ್ರಾಂ. ಈಗ ನಷ್ಟ ಮಾರಿದವನದು.

ಹಾಗಾದರೆ ದಿಟದ ತೂಕಕ್ಕೆ ದಾರಿ ಯಾವುದು? ವಸ್ತುವನ್ನು ಒಂದು ತಟ್ಟೆಯಲ್ಲಿಟ್ಟು, ಇನ್ನೊಂದರಲ್ಲಿ ಮರಳು ಹಾಕಿ ಸಮಗೊಳಿಸಬೇಕು. ಬಳಿಕ ಮರಳನ್ನು ಮುಟ್ಟದೆ, ವಸ್ತುವನ್ನು ತೆಗೆದು, ಅದೇ ತಟ್ಟೆಯಲ್ಲಿ ಬಟ್ಟುಗಳನ್ನಿಟ್ಟು ಮತ್ತೆ ಸಮಗೊಳಿಸಬೇಕು. ತೋಳೂ ಅದೇ, ಮರಳೂ ಅದೇ. ಆದಕಾರಣ ಆ ಬಟ್ಟುಗಳ ಮೊತ್ತವೇ ವಸ್ತುವಿನ ನಿಜವಾದ ತೂಕ. ಹದಿನೆಂಟನೆಯ ಶತಮಾನದ ಫ್ರೆಂಚ್ ವಿಜ್ಞಾನಿ ಬೋರ್ಡಾನ ಹೆಸರಿನಿಂದ ಈ ಕ್ರಮವು ಪ್ರಸಿದ್ಧವಾಗಿದೆ.

ಬಟ್ಟುಗಳು ಮಾತ್ರ ಸಾಚಾ ಆಗಿರಬೇಕು. ಅವು ಸಾಚಾ ಆಗಿದ್ದರೆ, ತೋಳು ತಪ್ಪಿದ ತಕ್ಕಡಿಯಿಂದಲೂ ಸತ್ಯವನ್ನು ನುಡಿಸಬಹುದು.