ಕಥೋಲಿಕರು ಬೈಬಲ್ ಓದುವ ಬಗೆ

ಕಿರುತೆರೆಯ ಮಾತುಕತೆಯ ಅಲ್ಪ ಅವಧಿಯಲ್ಲಿ ಹೇಳಿ ಮುಗಿಸಲಾಗದ ಕೆಲವು ಅಂಶಗಳನ್ನು ವೀಕ್ಷಕರಿಗಾಗಿ ಇಲ್ಲಿ ಕೊಡಲಾಗಿದೆ. ಕೊಳ್ಳೇಗಾಲ, ಹನೂರು, ಯಳಂದೂರು ಭಾಗದ ಜನರಿಗೆ ಕಥೋಲಿಕ ಕ್ರೈಸ್ತರು ಹೊಸಬರಲ್ಲ. ಮಾರ್ಟಳ್ಳಿ, ಸಂದನಪಾಳ್ಯಗಳ ದೇವಾಲಯಗಳನ್ನೂ ಕಾಮಗೆರೆಯ ಹೋಲಿ ಕ್ರಾಸ್ ಆಸ್ಪತ್ರೆಯನ್ನೂ ಬಲ್ಲವರು ಅನೇಕರು. ಆದರೆ ಈ ನೆರೆಹೊರೆಯವರು ತಮ್ಮ ಧರ್ಮಗ್ರಂಥವನ್ನು ಹೇಗೆ ಓದುತ್ತಾರೆ, ಹೇಗೆ ಅರ್ಥ ಮಾಡಿಕೊಳ್ಳುತ್ತಾರೆ ಎಂಬುದು ಅಷ್ಟಾಗಿ ತಿಳಿದಿಲ್ಲ.

ಮೊದಲು ಕಿವಿಗೆ

ಮಲೆ ಮಹದೇಶ್ವರನ ಕಥೆಯನ್ನು ಕಂಸಾಳೆಯವರಿಂದ, ಮಂಟೇಸ್ವಾಮಿಯ ಕಥೆಯನ್ನು ನೀಲಗಾರರಿಂದ ಕೇಳಿ ತಿಳಿದ ನಾಡು ಇದು. ಕಥೋಲಿಕರಿಗೂ ಬೈಬಲ್ ಮೊದಲು ಕೇಳುವ ಗ್ರಂಥ, ಆಮೇಲೆ ಓದುವ ಗ್ರಂಥ. ಭಾನುವಾರದ ಬಲಿಪೂಜೆಯಲ್ಲಿ ಸಾಮಾನ್ಯವಾಗಿ ಹಳೆಯ ಒಡಂಬಡಿಕೆಯಿಂದ ಒಂದು ವಾಚನ, ಒಂದು ಕೀರ್ತನೆ, ಪ್ರೇಷಿತರ ಪತ್ರಗಳಿಂದ ಇನ್ನೊಂದು ವಾಚನ, ಕೊನೆಗೆ ಯೇಸುವಿನ ಜೀವನ ಹೇಳುವ ಶುಭಸಂದೇಶ. ಇದನ್ನು ಎಲ್ಲರೂ ಎದ್ದು ನಿಂತು ಕೇಳುತ್ತಾರೆ. ಬಳಿಕ ಗುರುಗಳ ಪ್ರಬೋಧನೆ.

ಯಾವ ದಿನ ಯಾವ ಭಾಗ ಎಂಬುದು ಗುರುಗಳ ಇಷ್ಟಕ್ಕೆ ಬಿಟ್ಟದ್ದಲ್ಲ. 1969ರಲ್ಲಿ ಜಾರಿಗೆ ಬಂದ ವಾಚನ ಪಟ್ಟಿ ಮೂರು ವರ್ಷಗಳ ಚಕ್ರವೊಂದನ್ನು ಹಾಕಿಕೊಟ್ಟಿದೆ. ಇಸವಿಯನ್ನು 3ರಿಂದ ಭಾಗಿಸಿ ನೋಡಿ: ಶೇಷ 1 ಬಂದರೆ ಆ ವರ್ಷ ಮತ್ತಾಯನ ಶುಭಸಂದೇಶ, 2 ಬಂದರೆ ಮಾರ್ಕನದು, ಶೇಷ ಉಳಿಯದಿದ್ದರೆ ಲೂಕನದು. ಯೊವಾನ್ನನ ಶುಭಸಂದೇಶವನ್ನು ಹೆಚ್ಚಾಗಿ ಪಾಸ್ಖ ಕಾಲದಲ್ಲಿ ಓದುತ್ತಾರೆ. ಈ ಲೆಕ್ಕದ ವರ್ಷ ಆರಂಭವಾಗುವುದು ಜನವರಿಯಲ್ಲಲ್ಲ, ಕ್ರಿಸ್‌ಮಸ್‌ಗೆ ನಾಲ್ಕು ಭಾನುವಾರ ಮುಂಚೆ.

ಇದರಿಂದ ಈ ಗಡಿಭಾಗಕ್ಕೆ ಒಂದು ವಿಶೇಷ ಪ್ರಯೋಜನವಿದೆ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ಸೀಮೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, ಯಳಂದೂರು ಮೈಸೂರಿನಲ್ಲಿತ್ತು. ಮಾರ್ಟಳ್ಳಿ ಸುತ್ತಿನ ಅನೇಕ ಕಥೋಲಿಕ ಮನೆಗಳಲ್ಲಿ ಮಾತು ತಮಿಳು, ಶಾಲೆಯ ಓದು ಕನ್ನಡ. ಅಜ್ಜಿಯ ಮನಸ್ಸಿಗೆ ನಾಟುವ ಭಾಷೆ ಒಂದು, ಮೊಮ್ಮಗಳು ಓದಬಲ್ಲ ಲಿಪಿ ಇನ್ನೊಂದು. ಭಾಷೆ ಯಾವುದಾದರೂ ಆ ಭಾನುವಾರದ ಭಾಗ ಒಂದೇ ಆದ್ದರಿಂದ ಊಟದ ಹೊತ್ತಿಗೆ ಇಬ್ಬರೂ ಒಂದೇ ಕಥೆಯ ಬಗ್ಗೆ ಮಾತಾಡಬಹುದು.

ಎಪ್ಪತ್ತಮೂರು ಪುಸ್ತಕಗಳು

ಅಂಗಡಿಯಲ್ಲಿ ಬೈಬಲ್ ಕೊಳ್ಳುವವರು ಒಂದು ಅಂಶ ಗಮನಿಸಬೇಕು. ಪ್ರೊಟೆಸ್ಟೆಂಟರ ಬೈಬಲಿನಲ್ಲಿ 66 ಪುಸ್ತಕಗಳು, ಕಥೋಲಿಕರದರಲ್ಲಿ 73. ತೋಬಿತ, ಯೂದಿತ್, ಜ್ಞಾನಗ್ರಂಥ, ಸಿರಾಖ, ಬಾರೂಕ, ಮಕ್ಕಬಿಯರ ಎರಡು ಪುಸ್ತಕಗಳು – ಇವೇ ಹೆಚ್ಚಿನ ಏಳು. ದೇವಾಲಯದಲ್ಲಿ ಕೇಳಿದ ಸಿರಾಖನ ಮಾತನ್ನು ಮನೆಯ 66 ಪುಸ್ತಕಗಳ ಬೈಬಲಿನಲ್ಲಿ ಹುಡುಕಿದರೆ ಸಿಗುವುದಿಲ್ಲ.

ಕೈಗೆ ಬಂದ ಗ್ರಂಥ

ಸಾಮಾನ್ಯ ಕಥೋಲಿಕನ ಕೈಗೆ ಬೈಬಲ್ ಬಂದದ್ದು ತಡವಾಗಿಯೇ. ಮೈಸೂರು ಸೀಮೆಯಲ್ಲಿ ದೀರ್ಘಕಾಲ ಕೆಲಸ ಮಾಡಿದ ಫ್ರೆಂಚ್ ಗುರು ಅಬ್ಬೆ ದುಬೋಯ್, 1823ರಲ್ಲಿ ಪ್ರಕಟವಾದ ತಮ್ಮ ಪತ್ರಗಳಲ್ಲಿ, ಪೂರ್ವಸಿದ್ಧತೆಯಿಲ್ಲದ ಜನರ ಕೈಗೆ ಬರಿಯ ಅನುವಾದವನ್ನು ಕೊಡುವುದನ್ನು ವಿರೋಧಿಸಿದ್ದರು. ಅದೇ ಕಾಲದಲ್ಲಿ ಬಳ್ಳಾರಿಯ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಕನ್ನಡ ಅನುವಾದದಲ್ಲಿ ತೊಡಗಿದ್ದರು. ಬಲಿಪೂಜೆಯಂತೂ 1960ರ ದಶಕದವರೆಗೆ ಲ್ಯಾಟಿನ್ನಿನಲ್ಲೇ ನಡೆಯುತ್ತಿತ್ತು.

ಎರಡನೇ ವ್ಯಾಟಿಕನ್ ಮಹಾಸಭೆ 1965ರ ನವೆಂಬರ್ 18ರಂದು ಹೊರಡಿಸಿದ ‘ದೇಯಿ ವೆರ್ಬುಮ್’ ಎಂಬ ಶಾಸನ, ಗ್ರಂಥದ ಬಾಗಿಲು ಎಲ್ಲರಿಗೂ ತೆರೆದಿರಬೇಕೆಂದು ವಿಧಿಸಿತು. ಅದರ ಬೆನ್ನಿಗೇ 1967ರಲ್ಲಿ ಬೆಂಗಳೂರಿನಲ್ಲಿ ಬೈಬಲ್, ಧರ್ಮೋಪದೇಶ ಮತ್ತು ಆರಾಧನೆಯ ರಾಷ್ಟ್ರೀಯ ಕೇಂದ್ರ ಆರಂಭವಾಯಿತು. ಅದನ್ನು ಸ್ಥಾಪಿಸಿದ ಡಿ. ಎಸ್. ಅಮಲೋರ್ಪವದಾಸ್ ಮುಂದೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕ್ರೈಸ್ತಧರ್ಮ ಅಧ್ಯಯನವನ್ನು ಬೆಳೆಸಿದರು.

ಅರ್ಥ ಯಾರದು?

ಬೈಬಲ್ ಒಂದೇ ಪುಸ್ತಕವಲ್ಲ, ಒಂದು ಗ್ರಂಥಾಲಯ. ಅದರಲ್ಲಿ ಕಾವ್ಯವಿದೆ, ಚರಿತ್ರೆಯಿದೆ, ಗಾದೆಗಳಿವೆ, ಸಾಮತಿಗಳಿವೆ, ಪತ್ರಗಳಿವೆ. ಬರೆದವನು ಯಾವ ಕಾಲದಲ್ಲಿ, ಯಾವ ಪ್ರಕಾರದಲ್ಲಿ, ಏನು ಹೇಳಹೊರಟಿದ್ದ ಎಂದು ವಿಚಾರಿಸುವುದು ಕಥೋಲಿಕ ಅಧ್ಯಯನದ ಮೊದಲ ನಿಯಮ. ಆರು ದಿನಗಳ ಸೃಷ್ಟಿಯ ಕಥೆಯನ್ನು ಭೂವಿಜ್ಞಾನದ ಪಾಠವೆಂದು ಓದಬೇಕಾಗಿಲ್ಲ. ಜಗತ್ತು ದೇವರಿಂದ ಬಂತು, ಅದು ಒಳ್ಳೆಯದು ಎಂಬುದು ಅದರ ತಿರುಳು. ಈ ವಿವೇಚನೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಗೆಲಿಲಿಯೋ ಸಾಕ್ಷಿ. 1633ರಲ್ಲಿ ಅವನನ್ನು ದಂಡಿಸಿದವರ ಆಧಾರಗಳಲ್ಲಿ ಬೈಬಲಿನ ವಾಕ್ಯಗಳೂ ಇದ್ದವು. ಅಂದಿನ ದೇವಶಾಸ್ತ್ರಜ್ಞರು ಎಡವಿದ್ದರೆಂದು ಜಗದ್ಗುರು ಎರಡನೇ ಜಾನ್ ಪಾಲ್ 1992ರಲ್ಲಿ ಒಪ್ಪಿಕೊಂಡರು.

ಗ್ರಂಥವನ್ನು ಪರಂಪರೆಯಿಂದ ಬೇರ್ಪಡಿಸಿ ಓದಬಾರದು, ಕೊನೆಯ ತೀರ್ಮಾನ ಧರ್ಮಸಭೆಯದು ಎಂಬುದು ಎರಡನೆಯ ನಿಯಮ. ಹಾಗಾದರೆ ಓದುಗನಿಗೆ ಉಳಿದದ್ದೇನು ಎಂದು ಕೇಳಬಹುದು. ಬಹಳವೇ ಉಳಿದಿದೆ. ಧರ್ಮಸಭೆ ಇದೇ ಅರ್ಥವೆಂದು ಅಧಿಕೃತವಾಗಿ ನಿರ್ಣಯಿಸಿದ ವಾಕ್ಯಗಳು ಕೆಲವೇ ಎಂದು 1943ರಲ್ಲಿ ಜಗದ್ಗುರು ಹನ್ನೆರಡನೇ ಪಿಯುಸ್ ತಮ್ಮ ವಿಶ್ವಪತ್ರದಲ್ಲಿ ಸ್ಪಷ್ಟಪಡಿಸಿದ್ದರು.

ಮನೆಯಲ್ಲಿ ಓದುವವರಿಗೆ ಹಳೆಯ ಕ್ರಮವೊಂದಿದೆ. ಚಿಕ್ಕ ಭಾಗವೊಂದನ್ನು ನಿಧಾನವಾಗಿ ಓದುವುದು, ಮನನ ಮಾಡುವುದು, ಪ್ರಾರ್ಥಿಸುವುದು, ಕೊನೆಗೆ ಮೌನವಾಗಿ ಧ್ಯಾನದಲ್ಲಿ ನಿಲ್ಲುವುದು. ಹನ್ನೆರಡನೇ ಶತಮಾನದ ಸನ್ಯಾಸಿ ಗೀಗೋ ಇವನ್ನು ಏಣಿಯ ನಾಲ್ಕು ಮೆಟ್ಟಿಲುಗಳೆಂದು ಬಣ್ಣಿಸಿದ್ದಾನೆ.

ಒಂದೇ ವಾಕ್ಯವನ್ನು ಹೆಕ್ಕಿ ಜಗಳಕ್ಕೆ ಬಳಸುವವರು ಎಲ್ಲ ಧರ್ಮಗಳಲ್ಲೂ ಇದ್ದಾರೆ. ಹಿಂದುಮುಂದಿನ ಮಾತು ಕೇಳಿ, ಹತ್ತು ಜನರೊಡನೆ ಕೂತು ಓದುವುದೇ ಅದಕ್ಕೆ ಮದ್ದು. ನೆರೆಯವರ ಗ್ರಂಥವನ್ನು ತಿಳಿಯಬಯಸುವ ನಮಗೂ ಇದೇ ಮಾತು ಅನ್ವಯಿಸುತ್ತದೆ.