ಬಿಸಿಲಿದೆ, ಒಣಗಿಸುವ ವ್ಯವಸ್ಥೆ ಎಲ್ಲಿದೆ?

ಶಿವರಾತ್ರಿ ಕಳೆದು ಬಿಸಿಲು ಬಲಿಯುತ್ತಿದ್ದಂತೆ ಮಂಡ್ಯ ಸೀಮೆಯ ಮಾಳಿಗೆಗಳ ಮೇಲೆ ಹಳೆಯ ಪಂಚೆಗಳನ್ನು ಹಾಸುವುದು ರೂಢಿ. ಬೂದುಗುಂಬಳದ ಸಂಡಿಗೆ, ಮಜ್ಜಿಗೆಯಲ್ಲಿ ನೆನೆದ ಬಾಳಕದ ಮೆಣಸಿನಕಾಯಿ, ಉಪ್ಪು ಬೆರೆಸಿದ ಗೋರಿಕಾಯಿ ಸಾಲಾಗಿ ಒಣಗುತ್ತವೆ. ಮಳೆಗಾಲದಲ್ಲಿ ಕಾಯಿಪಲ್ಲೆ ತುಟ್ಟಿಯಾದಾಗ ಮುದ್ದೆಯ ಜೊತೆಗೆ ಇವೇ ಆಸರೆ.

ಆದರೆ ಮನೆಯ ಈ ಜಾಣ್ಮೆ ಹೊಲದ ಬದುವಿನವರೆಗೂ ತಲುಪಿಲ್ಲ. ಬೆಲೆ ಕುಸಿದ ವರ್ಷ ಕೊಯ್ಲಿನ ಕೂಲಿಯೂ ಹುಟ್ಟದೆ ಟೊಮೆಟೊ ಹೊಲದಲ್ಲೇ ಕೊಳೆಯುತ್ತದೆ. ವಿಶ್ವೇಶ್ವರಯ್ಯ ನಾಲೆಯ ನೀರು 1930ರ ದಶಕದಿಂದ ಮಂಡ್ಯ, ಮದ್ದೂರು, ಮಳವಳ್ಳಿಯ ಬಯಲನ್ನು ಹಸಿರಾಗಿಸಿತು. ಕಬ್ಬಿನ ರಸದ ನೀರನ್ನು ಹಿಂಗಿಸಿ ಬೆಲ್ಲವಾಗಿ ಕಾಪಿಡಲು ಆಲೆಮನೆಗಳಿವೆ. ತರಕಾರಿಗೆ ಅಂಥದೊಂದು ಆಲೆಮನೆ ಹುಟ್ಟಲಿಲ್ಲ.

ಟೊಮೆಟೊದಲ್ಲಿ ಸುಮಾರು ಶೇ 94ರಷ್ಟು ನೀರಿದೆ. ನೂರು ಕೆ.ಜಿ. ಹಣ್ಣು ಒಣಗಿದರೆ ಆರೇಳು ಕೆ.ಜಿ. ಉಳಿಯುತ್ತದೆ. ತೇವಾಂಶ ಶೇ 10ಕ್ಕಿಂತ ಕೆಳಗಿಳಿದು, ಗಾಳಿಯಾಡದ ಡಬ್ಬಿ ಸೇರಿದರೆ ಬೂಷ್ಟಿಗೆ ಬದುಕಲು ನೀರಿರದು. ಬಯಲಿನಲ್ಲಿ ಹರಡಿದರೆ ದೂಳು, ನೊಣಗಳ ಕಾಟ. ಭರಣಿ ಮಳೆಯ ಒಂದು ಹನಿಗೆ ಎರಡು ದಿನದ ದುಡಿಮೆ ಮಣ್ಣುಪಾಲು. ಗಾಜು ಹೊದಿಸಿ, ಗಾಳಿಗೆ ಕಿಂಡಿ ಬಿಟ್ಟ ಸೌರ ಒಣಗುಪೆಟ್ಟಿಗೆ ಇವೆಲ್ಲವನ್ನೂ ತಡೆಯುತ್ತದೆ. ಸೊಪ್ಪನ್ನು ನೆರಳಿನಲ್ಲಿ ಒಣಗಿಸಿದರೆ ಬಣ್ಣವೂ ಸತ್ವವೂ ಹೆಚ್ಚು ಉಳಿಯುತ್ತವೆ. ಇದೇನೂ ದೂರದ ವಿದ್ಯೆಯಲ್ಲ. 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಇರುವುದು ಪಕ್ಕದ ಮೈಸೂರಿನಲ್ಲೇ.

ಹಾಗೆಂದು ಮಾಳಿಗೆಯ ಸಂಡಿಗೆ ರೈತನ ಸಂಕಟಕ್ಕೆ ಮದ್ದೆಂದು ಭಾವಿಸುವುದು ಸರಿಯಲ್ಲ. ಗೃಹಿಣಿಯೊಬ್ಬಳು ಐದು ಕೆ.ಜಿ. ಒಣಗಿಸಬಲ್ಲಳು, ಒಂದು ಲಾರಿಯಷ್ಟನ್ನಲ್ಲ. ಆ ಬಿಸಿಲಿನಲ್ಲಿ ಬೆನ್ನು ಬಾಗಿಸುವವಳೂ ಅವಳೇ. ಆ ದುಡಿಮೆಗೆ ಕೂಲಿ ಕಟ್ಟಿದವರಿಲ್ಲ. ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳಿಗಾಗಿ ಕೇಂದ್ರ ಸರ್ಕಾರ 2020ರಲ್ಲಿ ಆರಂಭಿಸಿದ ಯೋಜನೆಯಲ್ಲಿ ಶೇ 35ರಷ್ಟು ಸಹಾಯಧನ ನಿಗದಿಯಾಯಿತು. ‘ಜಿಲ್ಲೆಗೊಂದು ಉತ್ಪನ್ನ’ದಡಿ ಮಂಡ್ಯಕ್ಕೆ ಸಿಕ್ಕಿದ್ದು ಬೆಲ್ಲ. ಅದು ನ್ಯಾಯವೇ. ಆದರೆ ತರಕಾರಿ ಬೆಳೆಗಾರನ ಪಾಡೇನು?

ಮಾರುಕಟ್ಟೆಗಳ ಮಗ್ಗುಲಲ್ಲಿ ಸೌರ ಒಣಗುಮನೆಗಳನ್ನು ಕಟ್ಟಿ ಸ್ತ್ರೀಶಕ್ತಿ ಸಂಘಗಳ ಕೈಗೆ ಒಪ್ಪಿಸಬೇಕು. ಕೊಳ್ಳುವವರಿಲ್ಲದಿದ್ದರೆ ಒಣಗಿದ್ದೂ ಗೋದಾಮಿನಲ್ಲಿ ಹಾಳಾಗುತ್ತದೆ. ಆದ್ದರಿಂದ ವಿದ್ಯಾರ್ಥಿನಿಲಯಗಳ ಅಡುಗೆಮನೆಗಳು ಮೊದಲ ಗಿರಾಕಿಗಳಾಗಲಿ. ಅಜ್ಜಿಯರಿಗೆ ಗೊತ್ತಿದ್ದ ವಿದ್ಯೆಗೆ ಸೂರು, ದುಡಿಯುವ ಕೈಗೆ ಕೂಲಿ ದೊರೆತರೆ, ಬೆಲೆ ಬಿದ್ದ ದಿನ ಬೆಳೆಯನ್ನು ರಸ್ತೆಗೆ ಸುರಿಯುವುದೊಂದೇ ದಾರಿ ಎನ್ನುವ ಸ್ಥಿತಿ ರೈತನಿಗೆ ಇರುವುದಿಲ್ಲ.